ಬೆಳಕು ಅಲೆಯೋ, ಕಣವೋ?

ದೀಪವನ್ನು ಹಚ್ಚಿದೊಡನೆ ಕತ್ತಲೆಯು ಹೋಗುವುದೆಂಬುದನ್ನು ಎಲ್ಲರೂ ಬಲ್ಲರು. ಹೋದ ಕತ್ತಲೆಯ ಸ್ಥಳಕ್ಕೆ ಬಂದುದು ಏನೆಂಬುದನ್ನು ಬಲ್ಲವರಾರು? ಬೆಳಕು ಬಂದಿತೆಂದು ಉತ್ತರ ಹೇಳುವುದು ಸುಲಭ. ಆ ಬೆಳಕೆಂಬುದು ಯಾವ ಪದಾರ್ಥ, ದೀಪದ ಕುಡಿಯಿಂದ ಹೊರಟು ನಮ್ಮ ಕಣ್ಣನ್ನು ಸೇರುವವರೆಗೆ ದಾರಿಯಲ್ಲಿ ಅದು ಯಾವ ರೂಪದಿಂದಿರುವುದು ಎಂದು ಕೇಳಿದರೆ ಮಾತ್ರ ತೊಡಕು ಪ್ರಾರಂಭವಾಗುವುದು. ಮುನ್ನೂರು ವರ್ಷಗಳಿಗೂ ಮೇಲ್ಪಟ್ಟು ಜಗತ್ತಿನ ಮಹಾ ಮೇಧಾವಿಗಳು ಈ ಪ್ರಶ್ನೆಯ ಮೇಲೆ ವಾದಿಸುತ್ತ ಬಂದಿರುವರು. ವಾದವು ಇನ್ನೂ ಪೂರ್ಣವಾಗಿ ಮುಗಿದಿಲ್ಲ. ಗಣಿತದ ಸಹಾಯವಿಲ್ಲದೆ ಇದನ್ನು ತಿಳಿಯಲಾಗದೆಂದು ಕೆಲವರು ನಮ್ಮನ್ನು ಬೆದರಿಸುವುದುಂಟು. ಆದರೆ ಈ ಕಥೆಯ ಮುಖ್ಯ ಪ್ರಯೋಗಗಳಲ್ಲಿ ಹಲವು ಕಿಟಕಿಯ ಬಾಗಿಲು, ಕರವಸ್ತ್ರ, ಸೂಜಿ, ಮಸಿ ಹಿಡಿದ ಗಾಜು ಮುಂತಾದ ಮನೆಯ ಸಾಮಾನುಗಳಿಂದಲೇ ನಡೆದವೆಂಬುದನ್ನು ತಿಳಿದರೆ ವಾಚಕರ ಅಂಜಿಕೆಯು ಕಡಮೆಯಾದೀತು.

ಮೊದಲು ಎದುರಾಳಿಗಳನ್ನು ಪರಿಚಯ ಮಾಡಿಕೊಳ್ಳೋಣ. ಹಾಲೆಂಡಿನ ಹೈಗೆನ್ಸನು 1690ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೆಳಕು ಅಲೆಯ ಜಾತಿಯದೆಂದು ಹೇಳಿದನು. ಇಂಗ್ಲೆಂಡಿನ ನ್ಯೂಟನ್ನನು 1704ರಲ್ಲಿ ಹೊರಡಿಸಿದ ತನ್ನ ಗ್ರಂಥದಲ್ಲಿ ಬೆಳಕು ಅತಿ ಸೂಕ್ಷ್ಮವಾದ ಕಣಗಳ ಪ್ರವಾಹವೆಂಬ ಕಡೆಗೆ ಒಲಿದನು. ನ್ಯೂಟನ್ನನ ಕಾರಣವು ಯಾರಿಗಾದರೂ ಒಪ್ಪಿಗೆಯಾಗತಕ್ಕದ್ದು. ಗೋಡೆಯ ಆಚೆ ನಿಂತವರು ಕರೆದರೆ ನಮಗೆ ಕೇಳಿಸುವುದು. ಶಬ್ದವು ಅಲೆಯಾದುದರಿಂದ ಮೂಲೆಯನ್ನು ಬಳಸಿಕೊಂಡು ಬರುವುದು. ಆದರೆ ಕರೆದವರ ಮುಖವು ಕಾಣಿಸದು. ಬೆಳಕೂ ಅಲೆಯಾಗಿದ್ದರೆ ಅದೇಕೆ ಬಳಸಿಕೊಂಡು ಬರಲಿಲ್ಲ? ವಸ್ತುಗಳ ನೆರಳು ಗೆರೆ ಕೊರೆದಂತೆ ಏಕೆ ಬೀಳುವುದು? ನ್ಯೂಟನ್ನನ ಕೀರ್ತಿಯ ಭಾರವೂ ಸೇರಿ, ಸುಮಾರು ನೂರು ವರ್ಷಗಳ ಕಾಲ ಕಣವಾದವೇ ಮೇಲುಗೈಯಾಗಿ ನಡೆಯಿತು.

ಈ ನಡುವೆ, 1785ರಲ್ಲಿ, ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಒಂದು ಚಿಕ್ಕ ಘಟನೆಯು ನಡೆಯಿತು. ಫ್ರಾನ್ಸಿಸ್ ಹಾಪ್ಕಿನ್ಸನ್ ಎಂಬವನು ಒಂದು ರಾತ್ರಿ ದೂರದ ಬೀದಿಯ ದೀಪವನ್ನು ತನ್ನ ರೇಷ್ಮೆಯ ಕರವಸ್ತ್ರದ ಮೂಲಕ ನೋಡಿದನು. ನೂಲಿನ ಎಳೆಗಳು ದಪ್ಪನಾದ ಸರಳುಗಳಂತೆ ತೋರಿದವು. ಬಟ್ಟೆಯನ್ನು ಅತ್ತಿತ್ತ ಸರಿಸಿದರೂ ಆ ಸರಳುಗಳು ಮಾತ್ರ ಕದಲಲಿಲ್ಲ. ಆಶ್ಚರ್ಯಗೊಂಡ ಅವನು ತನ್ನ ಮಿತ್ರನಾದ ರಿಟನ್‌ಹೌಸನಿಗೆ ಕಾಗದ ಬರೆದನು. ರಿಟನ್‌ಹೌಸನು ಕೂದಲಿನ ಎಳೆಗಳನ್ನು ಒತ್ತಾಗಿ ಸಾಲುಗಟ್ಟಿ ಅದೇ ಚೋದ್ಯವನ್ನು ಪರೀಕ್ಷಿಸಿದನು. ಈ ಪ್ರಯೋಗವನ್ನು ನಮ್ಮ ವಾಚಕರೂ ಇಂದಿನ ರಾತ್ರಿಯೇ ಮಾಡಿ ನೋಡಬಹುದು. ನವುರಾದ ರೇಷ್ಮೆಯ ಬಟ್ಟೆಯ ಒಂದೇ ಪದರವನ್ನು ಕಣ್ಣಿಗೆ ಹತ್ತಿರವಾಗಿ ಹಿಡಿದು, ದೂರದಲ್ಲಿ ಚುಕ್ಕೆಯಂತೆ ಉರಿಯುವ ಬೀದಿಯ ದೀಪವನ್ನು ನೋಡಿರಿ. ಒಂದು ದೀಪದ ಸ್ಥಳದಲ್ಲಿ ಹಲವು ದೀಪಗಳು ಕೂಡುಗೆರೆಯಾಕಾರವಾಗಿ ನಿಂತಂತೆಯೂ, ಹೊರಗಿನವುಗಳ ಅಂಚಿಗೆ ಬಣ್ಣ ಕಟ್ಟಿದಂತೆಯೂ ತೋರುವುವು. ಬಟ್ಟೆಯನ್ನು ತಿರುಗಿಸಿದರೆ ಆ ಚಿತ್ರವೂ ತಿರುಗುವುದು. (ಸೂರ್ಯನನ್ನು ಮಾತ್ರ ಎಂದಿಗೂ ಹೀಗೆ ನೋಡಲಾಗದು, ಮಕ್ಕಳಿಗೆ ಇದನ್ನು ಮೊದಲೇ ಹೇಳಿಡತಕ್ಕದ್ದು.) ಕಣಗಳು ನೆಟ್ಟಗೆ ಹಾರಿಬರುವುವೆಂದರೆ ಈ ಚಿತ್ರಕ್ಕೆ ಸಮಾಧಾನವೇ ಇಲ್ಲ.

ಸಮಾಧಾನವನ್ನು ತಂದವನು ಲಂಡನ್ನಿನ ವೈದ್ಯನಾದ ತಾಮಸ್ ಯಂಗನು. ಕೆರೆಯಲ್ಲಿ ಎರಡು ಕಲ್ಲುಗಳನ್ನು ಹತ್ತಿರ ಹತ್ತಿರವಾಗಿ ಎಸೆದರೆ ಎರಡು ಬಳೆಗಳಂತೆ ಅಲೆಗಳು ಹರಡುವುವಷ್ಟೆ. ಅವು ಒಂದನ್ನೊಂದು ಹಾಯುವಲ್ಲಿ, ಏರಿನೊಡನೆ ಏರು ಕೂಡಿದರೆ ನೀರು ಇಮ್ಮಡಿ ಏಳುವುದು. ಏರಿನೊಡನೆ ತಗ್ಗು ಕೂಡಿದರೆ ನೀರು ಸುಮ್ಮನಿರುವುದು. ಬೆಳಕೂ ಅಲೆಯಾಗಿದ್ದರೆ, ಬೆಳಕಿಗೆ ಬೆಳಕು ಕೂಡಿ ಕೆಲವೆಡೆ ಕತ್ತಲೆಯಾಗಬೇಕು! ಯಂಗನು ಕಿಟಕಿಯ ಬಾಗಿಲಿನ ರಂಧ್ರಕ್ಕೆ ದಪ್ಪ ಕಾಗದವನ್ನು ಹೊದಿಸಿ, ಅದರಲ್ಲಿ ಸೂಜಿಯಿಂದ ಚುಚ್ಚಿದ ತೂತಿನ ಮೂಲಕ ಬಿಸಿಲಿನ ಒಂದು ಎಳೆಯನ್ನು ಕೋಣೆಯೊಳಕ್ಕೆ ಬಿಟ್ಟನು. ಆ ಎಳೆಗೆ ಅಡ್ಡವಾಗಿ, ಅಂಗುಲದ ಮೂವತ್ತನೆಯ ಒಂದು ಪಾಲಿನಷ್ಟು ಅಗಲದ ಕಾರ್ಡಿನ ಪಟ್ಟಿಯನ್ನು ಹಿಡಿದನು. ಕಾರ್ಡಿನ ಎರಡು ಪಕ್ಕಗಳಿಂದಲೂ ಹಾದು ಬಂದ ಬೆಳಕು ನೆರಳಿನೊಳಗೆ ಸೇರಿ, ಬೆಳಕು ಕತ್ತಲೆ, ಬೆಳಕು ಕತ್ತಲೆ ಎಂದು ಪಟ್ಟೆಗಳನ್ನು ಮೂಡಿಸಿತು. ಒಂದು ಪಕ್ಕದ ಬೆಳಕನ್ನು ತಡೆದೊಡನೆ ನೆರಳಿನೊಳಗಿನ ಪಟ್ಟೆಗಳು ಮಾಯವಾದವು. ಇದನ್ನು ಅವನು 1803ರಲ್ಲಿ ರಾಯಲ್ ಸೊಸೈಟಿಯ ಮುಂದೆ ಓದಿದನು. ಸನ್ಮಾನದ ಬದಲು ಅವನಿಗೆ ದೊರೆತುದು ಪತ್ರಿಕೆಯಲ್ಲಿ ಹೀನಾಯವಾದ ವಿಮರ್ಶೆ. ನ್ಯೂಟನ್ನನನ್ನು ಎದುರಿಸುವ ಸಾಹಸವನ್ನು ಜನರು ಸಹಿಸಲಿಲ್ಲ.

ಅಲೆವಾದಕ್ಕೆ ಜಯವನ್ನು ಕೊಟ್ಟುದು ಅದರ ಶತ್ರುವಿನ ಮಾತೇ ಎಂಬುದು ಸ್ವಾರಸ್ಯ. ಫ್ರಾನ್ಸಿನ ಫ್ರೆನೆಲನು 1818ರಲ್ಲಿ ಪ್ಯಾರಿಸಿನ ವಿದ್ವತ್ಸಭೆಯ ಬಹುಮಾನಕ್ಕಾಗಿ ಅಲೆವಾದದ ಗಣಿತವನ್ನು ಬರೆದು ಕಳುಹಿಸಿದನು. ಪರೀಕ್ಷಕರಲ್ಲೊಬ್ಬನಾದ ಪೊಯಸಾನನು ಕಣವಾದಿ. ಅವನು ಲೆಕ್ಕವನ್ನು ಮುಂದುವರಿಸಿ, ಈ ವಾದವು ನಿಜವಾದರೆ ದುಂಡನೆಯ ಬಿಲ್ಲೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆಯೊಂದು ಇರಬೇಕಾಗುವುದೆಂದೂ ಇದು ಅಸಂಬದ್ಧವೆಂದೂ ಸಾಧಿಸಹೊರಟನು. ಅರಾಗೋ ಎಂಬ ಇನ್ನೊಬ್ಬ ಪರೀಕ್ಷಕನು ಪ್ರಯೋಗ ಮಾಡಿ ನೋಡಿದನು; ಚುಕ್ಕೆಯು ಇದ್ದಿತು! ಬಹುಮಾನವು ಫ್ರೆನೆಲನಿಗೆ ಸಂದಿತು. ನ್ಯೂಟನ್ನನ ನೆರಳಿನ ಆಕ್ಷೇಪಕ್ಕೂ ಉತ್ತರವು ದೊರೆಯಿತು. ಬೆಳಕಿನ ಅಲೆಯ ಉದ್ದವು ಒಂದು ಮಿಲಿಮೀಟರಿನ ಎರಡು ಸಾವಿರ ಪಾಲುಗಳಲ್ಲಿ ಒಂದು ಪಾಲಿನಷ್ಟು ಮಾತ್ರ. ಅಷ್ಟು ಕಿರಿದಾದ ಅಲೆಯು ಗೋಡೆಯ ಮೂಲೆಯನ್ನು ಬಳಸುವುದು ನಮ್ಮ ಕಣ್ಣಿಗೆ ಕಾಣದಷ್ಟು ಅಲ್ಪ.

ಮ್ಯಾಕ್ಸ್‌ವೆಲನು 1865ರಲ್ಲಿ ಬೆಳಕು ವಿದ್ಯುತ್ತು ಮತ್ತು ಅಯಸ್ಕಾಂತಶಕ್ತಿಗಳ ಅಲೆಯೆಂದು ಲೆಕ್ಕದಿಂದ ತೋರಿಸಿದನು. ಜರ್ಮನಿಯ ಹರ್ಟ್ಸನು ಅಂತಹ ಅಲೆಗಳನ್ನು ಪ್ರಯೋಗಶಾಲೆಯಲ್ಲಿ ಎಬ್ಬಿಸಿದನು. ಆದರೆ ವಿಧಿಯ ವಿನೋದವನ್ನು ನೋಡಿರಿ: ಅದೇ ಹರ್ಟ್ಸನು ಅದೇ ಉಪಕರಣಗಳೊಡನೆ ಕೆಲಸ ಮಾಡುತ್ತಿರುವಾಗ, 1887ರಲ್ಲಿ, ನೇರಳೆಯಾಚೆಯ ಕಿರಣವು ಲೋಹದ ಮೇಲೆ ಬಿದ್ದರೆ ಕಿಡಿಯು ಸುಲಭವಾಗಿ ಹಾರುವುದೆಂದು ಕಂಡನು. ಅಲೆವಾದದ ಪಟ್ಟಾಭಿಷೇಕದ ಮಂಟಪದಲ್ಲಿಯೇ ಅದರ ಪ್ರತಿಸ್ಪರ್ಧಿಯು ಹುಟ್ಟಿದಂತಾಯಿತು.

ಕಿಡಿಯ ಕಾರಣವೇನೆಂದರೆ, ಬೆಳಕು ಲೋಹದಿಂದ ಎಲೆಕ್ಟ್ರಾನುಗಳನ್ನು ಹೊಡೆದು ಹೊರಡಿಸುವುದು. ಇದರಲ್ಲಿ ಅಲೆವಾದಕ್ಕೆ ಒಗ್ಗದ ಸಂಗತಿಯೊಂದಿತ್ತು. ಕೆಂಪು ಬೆಳಕನ್ನು ಎಷ್ಟು ಪ್ರಖರವಾಗಿ ಸುರಿದರೂ ಕೆಲವು ಲೋಹಗಳಿಂದ ಒಂದು ಎಲೆಕ್ಟ್ರಾನೂ ಹೊರಡದು. ನೇರಳೆಯ ಮಂದವಾದ ಬೆಳಕಿಗೂ ಒಡನೆಯೇ ಹೊರಡುವುದು. ಮಾವಿನ ಮರದ ಕಾಯಿಗೆ ಸಾವಿರ ಹತ್ತಿಯ ಉಂಡೆಗಳನ್ನು ಎಸೆದರೂ ಅದು ಬೀಳದು, ಒಂದು ಕಲ್ಲು ಸಾಕು. ಇಪ್ಪತ್ತಾರು ವರ್ಷದ ಐನ್‌ಸ್ಟೈನರು 1905ರಲ್ಲಿ ಈ ಅರ್ಥವನ್ನೇ ಗಣಿತದ ಭಾಷೆಯಲ್ಲಿ ಹೇಳಿದರು: ಬೆಳಕು ತನ್ನ ಶಕ್ತಿಯನ್ನು ಹರಿಯುವ ನೀರಿನಂತೆ ಕೊಡದೆ, ಬಿಡಿ ಬಿಡಿ ಕಾಳುಗಳಾಗಿ ಕೊಡುವುದು, ಕೆಂಪಿನ ಕಾಳು ಹಗುರ, ನೇರಳೆಯ ಕಾಳು ಭಾರ. ಒಲೆಯ ಮುಂದೆ ದಿನವೆಲ್ಲ ಕುಳಿತರೂ ಬಿಸಿಲಿನಂತೆ ಮೈ ಕಪ್ಪೇರದಿರುವುದಕ್ಕೂ, ಸೀರೆಯ ಬಣ್ಣವು ಬಚ್ಚಲಿನ ಕಾವಿಗಿಂತ ಅಂಗಳದ ಬಿಸಿಲಿನಲ್ಲಿ ಬೇಗ ಮಾಸುವುದಕ್ಕೂ ಇದೇ ಮುಖ್ಯ ಕಾರಣ. ಒಲೆಯ ಕಾವಿನ ಕಾಳುಗಳು ಲೆಕ್ಕಕ್ಕೆ ಅಪಾರವಾದರೂ ಒಂದೊಂದೂ ಹತ್ತಿಯ ಉಂಡೆ. ಬಿಸಿಲಿನಲ್ಲಿ ಕಲ್ಲುಗಳೂ ಬೆರೆತಿರುವುವು. ಈ ಕಾಳುಗಳಿಗೆ ಮುಂದೆ ಫೋಟಾನುಗಳೆಂಬ ಹೆಸರು ನಿಂತಿತು. ಅಮೆರಿಕದ ಮಿಲಿಕನ್ನರು ಈ ವಿಚಿತ್ರ ಕಲ್ಪನೆಯನ್ನು ಸುಳ್ಳೆಂದು ತೋರಿಸಲು ವರ್ಷಗಟ್ಟಲೆ ಶ್ರಮಪಟ್ಟು, 1916ರಲ್ಲಿ ಐನ್‌ಸ್ಟೈನರ ಲೆಕ್ಕವು ಕೂದಲೆಳೆಯಷ್ಟೂ ತಪ್ಪಿಲ್ಲವೆಂದು ಪ್ರಕಟಿಸಬೇಕಾಯಿತು. ಲೆಕ್ಕವನ್ನೊಪ್ಪಿದರೂ ಕಾಳುಗಳನ್ನು ಮಾತ್ರ ಅವರು ಆಗ ಒಪ್ಪಲಿಲ್ಲ!

ಹಾಗಾದರೆ ಯಂಗನ ಪಟ್ಟೆಗಳ ಗತಿಯೇನು? ಅವು ಸುಳ್ಳಾಗಲಿಲ್ಲ. ಕಾಳುಗಳೂ ಸುಳ್ಳಲ್ಲ. ಅನೇಕ ಕಾಳುಗಳು ಗುಂಪಾಗಿ ಬಂದು ಒಂದನ್ನೊಂದು ತಾಕಿ ಪಟ್ಟೆಗಳನ್ನು ಮಾಡುತ್ತಿರಬಹುದೇ? ಈ ಸಂಶಯವನ್ನು ಪರೀಕ್ಷಿಸುವ ಕೆಲಸವು ಕೇಂಬ್ರಿಡ್ಜಿನ ಜೆ. ಜೆ. ಥಾಮ್ಸನ್ನರ ಸೂಚನೆಯಂತೆ ಜೆಫ್ರಿ ಟೇಲರ್ ಎಂಬ ತರುಣನ ಪಾಲಿಗೆ ಬಂದಿತು. ಅವನು ತನ್ನ ತಂದೆತಾಯಿಗಳ ಮನೆಯಲ್ಲಿಯೇ ಉಪಕರಣವನ್ನು ಹೂಡಿದನು. ಸಣ್ಣದೊಂದು ಗ್ಯಾಸಿನ ದೀಪ, ಬೆಳಕನ್ನು ಮಂದಗೊಳಿಸಲು ಮಸಿ ಹಿಡಿಸಿದ ಗಾಜುಗಳು, ಒಂದು ಕಿರಿದಾದ ಸೀಳು, ಒಂದು ಸೂಜಿ, ಸೂಜಿಯ ನೆರಳನ್ನು ಹಿಡಿಯಲು ಛಾಯಾಚಿತ್ರದ ಫಲಕ: ಇಷ್ಟೇ ಅವನ ಪ್ರಯೋಗಶಾಲೆ. ಗಾಜುಗಳನ್ನು ಹೆಚ್ಚಿಸುತ್ತ ಹೋದಂತೆ ಬೆಳಕು ಮಂದವಾಯಿತು. ಚಿತ್ರ ಮೂಡಲು ಹೆಚ್ಚು ಹೊತ್ತು ಬೇಕಾಯಿತು. ಕೊನೆಯ ಚಿತ್ರಕ್ಕೆ ಹಿಡಿದುದು 2000 ಗಂಟೆಗಳು, ಅಂದರೆ ಸುಮಾರು ಮೂರು ತಿಂಗಳು. ಆಗ ಫಲಕದ ಮೇಲೆ ಬೀಳುತ್ತಿದ್ದ ಬೆಳಕು, ಒಂದು ಮೈಲಿಗೆ ಸ್ವಲ್ಪ ಮೇಲ್ಪಟ್ಟ ದೂರದಲ್ಲಿ ಉರಿಯುವ ಮೇಣದ ಬತ್ತಿಯಿಂದ ಬರುವಷ್ಟು. ಚಿತ್ರವು ತಾನಾಗಿ ಮೂಡುತ್ತಿರಲು ಟೇಲರನು ದೋಣಿಯೇರಿ ಸಮುದ್ರ ವಿಹಾರಕ್ಕೆ ಹೋಗಿದ್ದನೆಂದು ಹೇಳುವರು. ಎಸರಿಗೆ ಅಕ್ಕಿ ಹಾಕಿ ನೆರೆಮನೆಗೆ ಹರಟೆಗೆ ಹೋದವರನ್ನು ನಾವು ಬೈಯುವೆವು. ವಿಜ್ಞಾನದಲ್ಲಿ ಇದು ಒಮ್ಮೊಮ್ಮೆ ಸಲ್ಲುವುದು.

ಅಷ್ಟು ಮಂದವಾದ ಬೆಳಕಿನಲ್ಲಿ, ಲೆಕ್ಕ ಹಾಕಿದರೆ, ಒಂದು ಕಾಳಿಗೂ ಮುಂದಿನದಕ್ಕೂ ನಡುವೆ ಸರಾಸರಿಯಲ್ಲಿ ನೂರು ಮೀಟರುಗಳಿಗೂ ಹೆಚ್ಚು ಅಂತರವಿರುವುದು. ಉಪಕರಣದೊಳಗೆ ಒಂದು ಕಾಳು ಇರುವಾಗ ಸಾಮಾನ್ಯವಾಗಿ ಇನ್ನೊಂದಿರದು. ಜೊತೆಗಾರರಿಲ್ಲದ ಕಾಳು ಯಾರೊಡನೆ ಕೂಡಿ ಪಟ್ಟೆ ಮಾಡೀತು? ಪಟ್ಟೆಗಳು ಮಸಳಬೇಕೆಂದು ನಿರೀಕ್ಷೆ. ಮೂರು ತಿಂಗಳ ಚಿತ್ರವನ್ನು ತೊಳೆದು ನೋಡಿದಾಗ ಪಟ್ಟೆಗಳು ಪ್ರಖರ ಬೆಳಕಿನಲ್ಲಿ ಮೂಡಿದವುಗಳಷ್ಟೇ ಸ್ಫುಟವಾಗಿದ್ದವು. ಟೇಲರನು ಈ ಫಲವನ್ನು ಎರಡೇ ಪುಟಗಳಷ್ಟು ಬರೆದು ಪ್ರಕಟಿಸಿ ಬೇರೆ ವಿಷಯಗಳಿಗೆ ಹೊರಟುಹೋದನು. ಈ ವಿಷಯದಲ್ಲಿ ಇಷ್ಟು ಕಡಮೆ ಖರ್ಚಿನಿಂದ ಇಷ್ಟು ದೊಡ್ಡ ಒಗಟನ್ನು ಮುಂದಿಟ್ಟ ಪ್ರಯೋಗವು ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ.

ಮುಂದಿನ ಸಂಗತಿಗಳನ್ನು ಬೇಗನೆ ಹೇಳುವೆನು. ಕಾಂಪ್ಟನ್ನರು 1923ರಲ್ಲಿ ಕ್ಷಕಿರಣದ ಕಾಳು ಎಲೆಕ್ಟ್ರಾನನ್ನು ಗೋಲಿಯಂತೆ ತಾಕಿ ಪುಟಿಯುವುದನ್ನು ತೋರಿಸಿದರು. 1924ರಲ್ಲಿ ಢಾಕಾದ ಅಧ್ಯಾಪಕರಾಗಿದ್ದ ಸತ್ಯೇಂದ್ರನಾಥ ಬೋಸರು ಬೆಳಕನ್ನು ಒಂದರಿಂದೊಂದನ್ನು ಗುರುತಿಸಲಾಗದ ಕಾಳುಗಳ ರಾಶಿಯೆಂದು ಎಣಿಸುವ ಹೊಸ ಕ್ರಮವನ್ನು ಬರೆದು ಐನ್‌ಸ್ಟೈನರಿಗೆ ಕಳುಹಿಸಿದರು. ಐನ್‌ಸ್ಟೈನರು ತಾವೇ ಅದನ್ನು ಜರ್ಮನ್ ಭಾಷೆಗೆ ತಿರುಗಿಸಿ ಪ್ರಕಟಿಸಿದರು. 1928ರಲ್ಲಿ ಚಂದ್ರಶೇಖರ ವೆಂಕಟರಾಮನ್ನರು ಕಲ್ಕತ್ತೆಯಲ್ಲಿ ಕಂಡ ಪರಿಣಾಮದಲ್ಲಿಯೂ, ಬೆಳಕಿನ ಕಾಳು ಅಣುವಿಗೆ ತನ್ನ ಶಕ್ತಿಯ ಒಂದಂಶವನ್ನು ತೆತ್ತು ಬಣ್ಣ ಬದಲಾಯಿಸಿಕೊಂಡು ಹೊರಡುವುದು. ಅದೇ ರಾಮನ್ನರು 1933ರಲ್ಲಿ ಬೆಂಗಳೂರಿಗೆ ಬಂದ ಮೇಲೆ ನಾಗೇಂದ್ರನಾಥರೊಡನೆ ಸೇರಿ, ದ್ರವದಲ್ಲಿ ಎಬ್ಬಿಸಿದ ಕೇಳಿಸದ ಶಬ್ದದ ಅಲೆಗಳು ಬೆಳಕನ್ನು ಕರವಸ್ತ್ರದ ಎಳೆಗಳಂತೆಯೇ ಹಂಚುವ ಬಗೆಗೆ ಗಣಿತವನ್ನು ರಚಿಸಿದರು. ಒಬ್ಬರೇ ವಿದ್ವಾಂಸರಿಗೆ ಬೆಳಕು ಒಮ್ಮೆ ಕಾಳಾಗಿ, ಒಮ್ಮೆ ಅಲೆಯಾಗಿ ಒದಗಿತು.

ಇನ್ನೊಂದು ಮನೆತನದ ಕಥೆಯನ್ನು ಬಿಡಲಾಗದು. ಫ್ರಾನ್ಸಿನ ಲೂಯಿ ದ ಬ್ರಾಯ್ ಅವರು 1924ರಲ್ಲಿ, ಅಲೆಯಾದ ಬೆಳಕಿಗೆ ಕಣದ ಗುಣವಿದ್ದರೆ ಕಣವಾದ ಎಲೆಕ್ಟ್ರಾನಿಗೆ ಅಲೆಯ ಗುಣವೇಕಿರಬಾರದೆಂದು ವಾದಿಸಿದರು. 1927ರಲ್ಲಿ ಅಮೆರಿಕದ ಡೇವಿಸನ್ ಮತ್ತು ಜರ್ಮರ್ ಎಂಬವರೂ, ಬ್ರಿಟನ್ನಿನಲ್ಲಿ ಜಿ. ಪಿ. ಥಾಮ್ಸನ್ನರೂ ಅದನ್ನು ಕಣ್ಣಿಗೆ ಕಾಣಿಸಿದರು. ಈ ಥಾಮ್ಸನ್ನರು ಟೇಲರನಿಗೆ ಪ್ರಯೋಗವನ್ನು ಸೂಚಿಸಿದ ಜೆ. ಜೆ. ಥಾಮ್ಸನ್ನರ ಮಗ. ಎಲೆಕ್ಟ್ರಾನು ಕಣವೆಂದು ತೋರಿಸಿದ ತಂದೆಗೆ 1906ರಲ್ಲಿ ನೊಬೆಲ್ ಬಹುಮಾನವು ಬಂದಿದ್ದರೆ, ಅದು ಅಲೆಯೆಂದು ತೋರಿಸಿದ ಮಗನಿಗೆ 1937ರಲ್ಲಿ ಬಂದಿತು. ತಂದೆಯ ಮಾತನ್ನು ಮಗನು ಅಲ್ಲಗಳೆಯಲೂ ಇಲ್ಲ.

ಟೇಲರನ ಪ್ರಯೋಗಕ್ಕೆ ಒಂದು ಆಕ್ಷೇಪವುಂಟು. ಮಂದವಾದ ದೀಪವು ಒಮ್ಮೊಮ್ಮೆ ಎರಡು ಕಾಳುಗಳನ್ನು ಒಟ್ಟಿಗೆ ಬಿಡುವುದಿಲ್ಲವೆಂಬುದಕ್ಕೆ ಪ್ರಮಾಣವೇನು? ಈ ಕೊರತೆಯನ್ನು 1986ರಲ್ಲಿ ಫ್ರಾನ್ಸಿನ ಗ್ರಾಂಜಿಯೇ, ರೋಜೆ, ಆಸ್ಪೆ ಎಂಬ ಮೂವರು ನೀಗಿಸಿದರು. ಕ್ಯಾಲ್ಸಿಯಂ ಪರಮಾಣುವು ಎರಡು ಕಾಳುಗಳನ್ನು ಒಂದರ ಬೆನ್ನಿಗೊಂದರಂತೆ ಬಿಡುವಂತೆ ಮಾಡಿ, ಮೊದಲನೆಯದು ಬಂದೊಡನೆ ಎರಡನೆಯದು ಹೊರಟಿತೆಂದು ತಿಳಿದುಕೊಂಡರು. ಆ ಎರಡನೆಯದನ್ನು, ಅರ್ಧ ಬೆಳಕನ್ನು ಹಿಂತಿರುಗಿಸಿ ಅರ್ಧವನ್ನು ಮುಂದೆ ಬಿಡುವ ಅರೆಗನ್ನಡಿಗೆ ಒಡ್ಡಿದರು. ಕಾಳು ಒಡೆಯಲಿಲ್ಲ, ಈ ಕಡೆ ಇಲ್ಲವೇ ಆ ಕಡೆ ಇಡಿಯಾಗಿಯೇ ಸಿಕ್ಕಿತು. ಆಮೇಲೆ ಎರಡು ದಾರಿಗಳನ್ನೂ ಮತ್ತೆ ಕೂಡಿಸಿದರು. ಒಂದೊಂದಾಗಿ ಬಂದ ಅವೇ ಕಾಳುಗಳು ಬೆಳಕು ಕತ್ತಲೆಯ ಏರಿಳಿತವನ್ನು ತೋರಿದವು. ಎರಡು ದಾರಿಯನ್ನೂ ಬಲ್ಲಂತೆ ವರ್ತಿಸಿದ ಕಾಳು, ಹುಡುಕಿದರೆ ಒಂದೇ ದಾರಿಯಲ್ಲಿ ಸಿಕ್ಕುವುದು.

ಇದರ ಅರ್ಥವೇನೆಂಬಲ್ಲಿ ಊಹೆಗಳ ಸಂತೆಯೇ ನೆರೆದಿದೆ. ಡೆನ್ಮಾರ್ಕಿನ ಬೋರರು 1927ರಲ್ಲಿ, ಅಲೆ ಕಣಗಳೆರಡೂ ಒಂದಕ್ಕೊಂದು ಪೂರಕವಾದ ವರ್ಣನೆಗಳೆಂದೂ, ಯಾವ ಉಪಕರಣವನ್ನಿಟ್ಟೆವೆಂಬುದನ್ನು ಹೇಳದೆ ಬೆಳಕಿನ ರೂಪವನ್ನು ಕೇಳುವುದೇ ಸಲ್ಲದೆಂದೂ ಹೇಳಿದರು. ದ ಬ್ರಾಯ್ ಅವರು ಅದೇ ವರ್ಷ ಬೇರೊಂದು ಮಾತನ್ನು ಮುಂದಿಟ್ಟರು: ಕಣವೂ ಉಂಟು, ಅದನ್ನು ನಡೆಯಿಸುವ ಅಲೆಯೂ ಉಂಟು, ಹೊಳೆಯ ಸೆಳವು ಹರಿಗೋಲನ್ನು ಒಯ್ಯುವಂತೆ. ಡೇವಿಡ್ ಬೋಮರು 1952ರಲ್ಲಿ ಇದಕ್ಕೆ ಜೀರ್ಣೋದ್ಧಾರ ಮಾಡಿದರು. ಎಲೆಕ್ಟ್ರಾನಿಗೆ ಚೆನ್ನಾಗಿ ಹೊಂದುವ ಈ ಚಿತ್ರವು ಬೆಳಕಿಗೆ ಅಷ್ಟು ಸುಲಭವಾಗಿ ಹೊಂದುವುದಿಲ್ಲ. 1957ರಲ್ಲಿ ಅಮೆರಿಕದ ಎವರೆಟ್ಟರು, ಆಗಬಹುದಾದುದೆಲ್ಲವೂ ಆಗಿಯೇ ತೀರುವುದು, ಆದರೆ ಬೇರೆ ಬೇರೆ ಕವಲುಗಳಲ್ಲಿ ಎಂಬ ಅರ್ಥ ಬರುವಂತೆ ಬರೆದರು. ಒಂದೇ ಲೋಕದ ಸಂಸಾರವನ್ನು ತೂಗಿಸುವುದೇ ಕಷ್ಟವಾಗಿರುವ ನಮ್ಮಂಥವರಿಗೆ ಇದು ತುಸು ದುಬಾರಿಯಾದ ಸಮಾಧಾನವೆಂದು ತೋರುವುದು. ಆದರೂ ಇದನ್ನು ನಂಬುವ ಗಟ್ಟಿ ವಿದ್ವಾಂಸರಿರುವರು. ಐನ್‌ಸ್ಟೈನರಂತೂ 1951ರಲ್ಲಿ ತಮ್ಮ ಹಳೆಯ ಗೆಳೆಯ ಬೆಸ್ಸೋವಿಗೆ ಬರೆದ ಕಾಗದದಲ್ಲಿ, ಐವತ್ತು ವರ್ಷ ಚಿಂತಿಸಿದರೂ ಬೆಳಕಿನ ಕಾಳೆಂದರೇನೆಂಬುದರ ಹತ್ತಿರಕ್ಕೆ ತಾವು ಬಂದಿಲ್ಲವೆಂಬ ಅರ್ಥದ ಮಾತನ್ನು ಬರೆದರು.

ಜಾನ್ ವೀಲರರು 1978ರಲ್ಲಿ ಎತ್ತಿದ ಪ್ರಶ್ನೆಯು ಇವೆಲ್ಲಕ್ಕಿಂತ ಮನಸ್ಸನ್ನು ಕಲಕುವಂತಹುದು. ದಾರಿಗಳು ಕೂಡುವಲ್ಲಿ ಎರಡನೆಯ ಅರೆಗನ್ನಡಿಯನ್ನು ಇಟ್ಟರೆ ಕಾಳು ಅಲೆಯಂತೆ ವರ್ತಿಸುವುದು, ಇಡದಿದ್ದರೆ ಒಂದೇ ದಾರಿಯಲ್ಲಿ ಸಿಕ್ಕುವುದು. ಕಾಳು ಮೊದಲನೆಯ ಕನ್ನಡಿಯನ್ನು ದಾಟಿಹೋದ ಬಳಿಕ, ಎರಡನೆಯದನ್ನು ಇಡುವುದೋ ಬಿಡುವುದೋ ಎಂದು ನಿಶ್ಚಯಿಸಿದರೆ ಏನಾದೀತು? 2007ರಲ್ಲಿ ಫ್ರಾನ್ಸಿನಲ್ಲಿ 48 ಮೀಟರು ಉದ್ದದ ದಾರಿಯಲ್ಲಿ ಇದನ್ನು ಮಾಡಿ ನೋಡಿದರು. ನಿಶ್ಚಯವು ತಡವಾದರೂ ಫಲವು ಕೊನೆಯ ನಿಶ್ಚಯಕ್ಕೆ ತಕ್ಕಂತೆಯೇ ಬಂದಿತು. ಕಾಳು ಹೊರಡುವಾಗಲೇ ‘ನಾನು ಕಣ’ ಅಥವಾ ‘ನಾನು ಅಲೆ’ ಎಂದು ಸಂಕಲ್ಪ ಮಾಡಿಕೊಂಡು ಹೊರಡುವುದೆಂಬ ಸುಲಭದ ಊಹೆಗೆ ಇದರಿಂದ ಎಡೆಯಿಲ್ಲದಾಯಿತು. ವೀಲರರು ಇದನ್ನು ಆಕಾಶಕ್ಕೂ ಹಬ್ಬಿಸಿದರು. 1979ರಲ್ಲಿ ಕಂಡುಬಂದ ಒಂದು ಜೋಡಿ ಕ್ವೇಸಾರು ನಿಜವಾಗಿ ಒಂದೇ. ನಡುವಿನ ನಕ್ಷತ್ರಸಮೂಹವು ಅದರ ಬೆಳಕನ್ನು ಎರಡು ದಾರಿಗಳಲ್ಲಿ ಬಾಗಿಸಿ ನಮಗೆ ಕಳುಹಿಸುವುದು. ನೂರಾರು ಕೋಟಿ ವರ್ಷಗಳ ಹಿಂದೆ ಹೊರಟ ಆ ಬೆಳಕಿನ ವಿಷಯದಲ್ಲಿ ಇಂದು ರಾತ್ರಿ ನಾವು ಯಾವ ಉಪಕರಣವನ್ನಿಡುವೆವೆಂಬ ಪ್ರಶ್ನೆಯು ಬರುವುದಲ್ಲ!

ಇಂತಹ ಮಾತುಗಳನ್ನು ಕೇಳಿದೊಡನೆ, ನೋಡುವವನ ಮನಸ್ಸೇ ಜಗತ್ತನ್ನು ಸೃಷ್ಟಿಸುವುದೆಂದೂ, ಇದೆಲ್ಲ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದೂ ಉಪನ್ಯಾಸ ಮಾಡುವವರಿಗೆ ಕೊರತೆಯಿಲ್ಲ. ಪಟ್ಟೆಗಳನ್ನು ಅಳಿಸಲು ಮನಸ್ಸು ಬೇಕಿಲ್ಲ. ಕಾಳು ಯಾವ ದಾರಿಯಲ್ಲಿ ಹೋಯಿತೆಂಬ ಗುರುತು ಎಲ್ಲಿಯಾದರೂ ಉಳಿದರೆ ಸಾಕು, ಅದನ್ನು ಯಾರೂ ಓದದಿದ್ದರೂ ಪಟ್ಟೆಗಳು ಅಳಿಯುವುವು. ವೈಶೇಷಿಕರು ತೇಜಸ್ಸಿಗೂ ಪರಮಾಣುಗಳುಂಟೆಂದರು, ಅದು ಅವರ ಬುದ್ಧಿಯ ದಿಟ್ಟತನ. ಆದರೆ ಕಣ್ಣಿನಿಂದಲೇ ತೇಜಸ್ಸು ಹೊರಟು ವಸ್ತುವನ್ನು ಮುಟ್ಟುವುದೆಂದು ನೈಯಾಯಿಕರು ಹೇಳಿದುದನ್ನೂ ನೆನೆಯಬೇಕು. ಅವರನ್ನು ಅವರ ಪ್ರಶ್ನೆಗಳಿಗಾಗಿ ಗೌರವಿಸುವುದು ಮೇಲು. ಟೇಲರನ ಮೂರು ತಿಂಗಳ ಫಲಕವನ್ನು ಅವರ ಹೆಗಲಿಗೇರಿಸುವುದು ಅವರಿಗೂ ಅನ್ಯಾಯ, ಅವನಿಗೂ ಅನ್ಯಾಯ.

ಪರೀಕ್ಷೆಗಳು ನಿಂತಿಲ್ಲ. ಎರಡರ ಬದಲು ಮೂರು ಸೀಳುಗಳನ್ನಿಟ್ಟರೆ ಮೂರೂ ದಾರಿಗಳು ಕೂಡಿ ಹೊಸದೊಂದು ಪರಿಣಾಮವನ್ನು ತೋರುವುವೇ, ಅಥವಾ ಎಲ್ಲವೂ ಎರಡೆರಡರ ಮೊತ್ತವೇ ಎಂಬುದನ್ನು ಉರ್ಬಸಿ ಸಿನ್ಹಾ ಅವರೂ ಸಂಗಡಿಗರೂ ಕೆನಡಾದಲ್ಲಿ ಅಳೆದು 2010ರಲ್ಲಿ ಪ್ರಕಟಿಸಿದರು. ನೂರರಲ್ಲಿ ಒಂದು ಪಾಲಿಗಿಂತ ಕಡಮೆಯ ಮಿತಿಯೊಳಗೆ ಎರಡೆರಡರ ಮೊತ್ತವೇ ಸರಿಯೆಂದು ಕಂಡಿತು. ಬಳಿಕ ಅವರು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ ಈ ಬಗೆಯ ಕೆಲಸವನ್ನು ಮುಂದುವರಿಸಿದರು. ವಿಯೆನ್ನಾದಲ್ಲಿ 2019ರಲ್ಲಿ ಸುಮಾರು ಎರಡು ಸಾವಿರ ಪರಮಾಣುಗಳುಳ್ಳ ಅಣುಗಳಿಗೂ ಅಲೆಯ ಗುಣವನ್ನು ಕಂಡರು.

ದುಬಾರಿಯ ಉಪಕರಣವಿಲ್ಲದ ನಮ್ಮ ಪಾಲಿಗೆ ಕಣ್ಣೊಂದಿದೆ. ಹೆಕ್ಟ್, ಷ್ಲೇರ್, ಪಿರೆನ್ ಎಂಬ ಮೂವರು 1942ರಲ್ಲಿ ಪ್ರಕಟಿಸಿದ ಪರೀಕ್ಷೆಯಂತೆ, ಕತ್ತಲೆಗೆ ಚೆನ್ನಾಗಿ ಒಗ್ಗಿಕೊಂಡ ಕಣ್ಣಿನ ಅಕ್ಷಿಪಟಲದಲ್ಲಿ ಐದರಿಂದ ಹದಿನಾಲ್ಕು ಕಾಳುಗಳು ಹೀರಲ್ಪಟ್ಟರೆ ಸಾಕು, ಮಿಂಚು ಕಂಡಿತೆಂದು ಮನುಷ್ಯನು ಹೇಳಬಲ್ಲನು. ಒಂದು ವಾಟಿನಷ್ಟು ಹಸುರು ಬೆಳಕಿನಲ್ಲಿ ಕ್ಷಣಕ್ಷಣಕ್ಕೂ ಹೊರಡುವ ಕಾಳುಗಳನ್ನು ಬರೆಯಬೇಕಾದರೆ 28ರ ಮುಂದೆ ಹದಿನೇಳು ಸೊನ್ನೆಗಳನ್ನಿಡಬೇಕೆಂಬುದನ್ನು ನೆನೆದರೆ ಈ ಐದರ ಬೆಲೆಯು ತಿಳಿಯುವುದು. ಅದೇ ಕಣ್ಣು ಹಗಲಿನಲ್ಲಿ ತನ್ನ ಪಾಪೆಯನ್ನು ಕಿರಿದು ಮಾಡಿಕೊಂಡಾಗ, ಆ ಕಿರಿಯ ರಂಧ್ರದಲ್ಲಿ ಬೆಳಕಿನ ಅಲೆಗಳು ಅಂಚನ್ನು ಬಳಸಿ ಹರಡುವುದರಿಂದ ಎಷ್ಟು ಸಣ್ಣ ಅಕ್ಷರವನ್ನು ಓದಬಹುದೆಂಬುದಕ್ಕೆ ಒಂದು ಮಿತಿಯು ಬೀಳುವುದು. ಪಾಪೆಯ ಬಾಗಿಲಲ್ಲಿ ಅಲೆಯಾಗಿ ಒಳಹೊಕ್ಕುದು, ಎರಡು ಅಂಗುಲವೂ ಇಲ್ಲದ ದಾರಿಯನ್ನು ನಡೆದು, ಹಿಂದಿನ ಗೋಡೆಯಲ್ಲಿ ಕಾಳಾಗಿ ಬಡಿಯುವುದು.